ಎಷ್ಟು ಟೆರಾಬೈಟ್ ಎಂದು ಕೇಳುವ ಮೊದಲು

ನನ್ನ ಮೇಜಿನ ಎಡಗಡೆ, ನಿಘಂಟುಗಳ ಪಕ್ಕದಲ್ಲಿ, ಮುಚ್ಚಳ ಕಳಚಿದ ಒಂದು ಹಾರ್ಡ್ ಡಿಸ್ಕ್ ಇದೆ. ಮೂರೂವರೆ ಇಂಚಿನ, 500 ಜಿಬಿಯ, 2012ರಲ್ಲಿ ಕೆಟ್ಟುಹೋದ ಡಿಸ್ಕ್ ಅದು. ಹಾರ್ಡ್ ಡಿಸ್ಕ್ ಕೊಳ್ಳುವ ವಿಚಾರ ಕೇಳಿಕೊಂಡು ಬಂದವರ ಕೈಗೆ ನಾನು ಮೊದಲು ಅದನ್ನು ಕೊಡುತ್ತೇನೆ. ಒಳಗಿನ ತಟ್ಟೆ ಮುಖ ನೋಡಿಕೊಳ್ಳುವಷ್ಟು ನುಣುಪಾಗಿದೆ. ಆದರೆ ಬೆಳಕಿಗೆ ಕೊಂಚ ಓರೆಯಾಗಿ ಹಿಡಿದರೆ, ಅಂಚಿನಿಂದ ಒಂದು ಬೆರಳಿನಷ್ಟು ಒಳಗೆ, ಬಳೆಯ ಹಾಗೆ ಸುತ್ತುವರಿದ ಮಂಕಾದ ಗೀರೊಂದು ಕಾಣಿಸುತ್ತದೆ. ನಾನು ಪುಟ ವಿನ್ಯಾಸ ಮಾಡಿ ಮುದ್ರಣಕ್ಕೆ ಕಳುಹಿಸಿದ್ದ ಎಷ್ಟೋ ಪುಸ್ತಕಗಳ ಕೊನೆಯ ತಿದ್ದುಪಡಿಯ ಕಡತಗಳು ಆ ಗೀರಿನೊಂದಿಗೆ ಹೋದವು.

ಕಳೆದ ತಿಂಗಳು ಆ ಡಿಸ್ಕನ್ನು ಕೈಯಲ್ಲಿ ತಿರುಗಿಸುತ್ತಾ ಕುಳಿತವಳು ನನ್ನ ತಂಗಿಯ ಮಗಳು. ಜಾನಪದದಲ್ಲಿ ಸಂಶೋಧನೆ ಮಾಡುತ್ತಿರುವ ಆಕೆ ಚಾಮರಾಜನಗರ ಜಿಲ್ಲೆಯ ಹಳ್ಳಿಗಳನ್ನು ಸುತ್ತಿ, ನೀಲಗಾರರು ಹಾಡುವ ಮಂಟೇಸ್ವಾಮಿಯ ಕಥೆಯನ್ನೂ ಕಂಸಾಳೆಯವರು ಹಾಡುವ ಮಾದೇಶ್ವರನ ಕಥೆಯನ್ನೂ ಧ್ವನಿ ಮತ್ತು ವಿಡಿಯೊಗಳಲ್ಲಿ ಮುದ್ರಿಸಿಕೊಳ್ಳುತ್ತಿದ್ದಾಳೆ. ಮೆಮೊರಿ ಕಾರ್ಡುಗಳೆಲ್ಲ ತುಂಬಿವೆ, ಲ್ಯಾಪ್‌ಟಾಪಿನಲ್ಲಿ ಜಾಗವಿಲ್ಲ, ಅದೂ ಆಮೆಯ ಹಾಗೆ ನಡೆಯುತ್ತಿದೆ. "ಮಾವ, ಒಂದು ಟಿಬಿದು ತಗೊಳ್ಲಾ, ಎರಡು ಟಿಬಿದಾ?" ಎಂದು ಕೇಳಿದಳು. ಎಲ್ಲರೂ ಕೇಳುವ ಪ್ರಶ್ನೆಯೇ ಅದು. ಕೆಲಸ ಯಾವುದು ಎಂಬುದು ಮೊದಲು ಇತ್ಯರ್ಥವಾಗದಿದ್ದರೆ ಅದಕ್ಕೆ ಉತ್ತರ ಹೇಳಲು ಬರುವುದಿಲ್ಲ. ದಿನವಿಡೀ ಸಾವಿರಾರು ಸಣ್ಣ ಕಡತಗಳನ್ನು ಓದಿ ಬರೆಯುವ ಕೆಲಸ ಒಂದು. ಒಮ್ಮೆ ತುಂಬಿಸಿ ಹತ್ತು ವರ್ಷ ಕಾಪಾಡಿಕೊಳ್ಳುವ ಕೆಲಸ ಇನ್ನೊಂದು. ಎರಡಕ್ಕೂ ಒಂದೇ ಪೆಟ್ಟಿಗೆ ಒಗ್ಗುವುದಿಲ್ಲ. ಅಂದು ಸಂಜೆ ಅವಳಿಗೆ ಹೇಳಿದ್ದನ್ನು, ಹೇಳುವಾಗ ಬಿಟ್ಟುಹೋದ ಕೆಲವನ್ನೂ ಸೇರಿಸಿ, ಇಲ್ಲಿ ಬರೆದಿಡುತ್ತಿದ್ದೇನೆ.

ಹಾರ್ಡ್ ಡಿಸ್ಕಿನ ಒಳಗಿರುವುದು ಕಾಂತೀಯ ಲೇಪನವುಳ್ಳ ತಟ್ಟೆಗಳು ಮತ್ತು ಅವುಗಳ ಮೇಲೆ ಅತ್ತಿತ್ತ ಸರಿದಾಡುವ ಒಂದು ತೋಳು. ತೋಳಿನ ತುದಿಯಲ್ಲಿ, ಸಾಸಿವೆ ಕಾಳಿಗಿಂತಲೂ ಚಿಕ್ಕದಾಗಿ ಕಾಣುವ, ಮಾಹಿತಿಯನ್ನು ಓದಿ ಬರೆಯುವ ಹೆಡ್ ಇರುತ್ತದೆ. ತಟ್ಟೆ ತಿರುಗುವಾಗ ಅದರೊಂದಿಗೆ ಸುತ್ತುವ ಗಾಳಿಯೇ ಈ ಹೆಡ್ಡನ್ನು ಎತ್ತಿ ಹಿಡಿಯುತ್ತದೆ. ಹೆಡ್ಡಿಗೂ ತಟ್ಟೆಗೂ ನಡುವಿನ ಅಂತರ ಕೆಲವೇ ನ್ಯಾನೊಮೀಟರ್. ನಮ್ಮ ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೊಮೀಟರ್ ಎಂಬುದನ್ನು ನೆನೆದರೆ ಆ ಅಂತರ ಎಂಥದ್ದೆಂದು ತಿಳಿಯುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ಮೂರೂವರೆ ಇಂಚಿನ ಡಿಸ್ಕಿನಲ್ಲಿ ತಟ್ಟೆಯ ಹೊರ ಅಂಚು ಗಂಟೆಗೆ ಸುಮಾರು 125 ಕಿಲೋಮೀಟರ್ ವೇಗದಲ್ಲಿ ಹೆಡ್ಡಿನ ಕೆಳಗೆ ಓಡುತ್ತಿರುತ್ತದೆ. ಹಾರ್ಡ್ ಡಿಸ್ಕಿನ ಒಳಗೆ ನಿರ್ವಾತವಿದೆ ಎಂದು ಅನೇಕರು ನಂಬಿದ್ದಾರೆ. ಗಾಳಿಯಿಲ್ಲದಿದ್ದರೆ ಹೆಡ್ ತೇಲುವುದೇ ಇಲ್ಲ. ಮುಚ್ಚಳದ ಮೇಲೆ 'ಇದನ್ನು ಮುಚ್ಚಬೇಡಿ' ಎಂಬ ಬರಹದ ಪಕ್ಕದಲ್ಲಿರುವ ಸಣ್ಣ ರಂಧ್ರ ಸೋಸಿದ ಗಾಳಿ ಒಳಗೂ ಹೊರಗೂ ಆಡಲೆಂದೇ ಇರುವುದು. ಭಾರೀ ಗಾತ್ರದ ಈಚಿನ ಡಿಸ್ಕುಗಳಲ್ಲಿ ಮಾತ್ರ ಗಾಳಿಯ ಬದಲು ಹೀಲಿಯಂ ತುಂಬಿ ಭದ್ರವಾಗಿ ಬೆಸೆದಿರುತ್ತಾರೆ.

ಈ ಯಂತ್ರದ ಮೂಲಪುರುಷ ಹುಟ್ಟಿದ್ದು 1956ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ. ಐಬಿಎಂ ಸಂಸ್ಥೆಯ ರಾಮ್ಯಾಕ್ ಗಣಕದೊಂದಿಗೆ ಬಂದ ಆ ಡಿಸ್ಕಿನಲ್ಲಿ ಎರಡಡಿ ವ್ಯಾಸದ 50 ತಟ್ಟೆಗಳಿದ್ದವು. ತೂಕ ಸುಮಾರು ಒಂದು ಟನ್, ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ, ಇಂದಿನ ಲೆಕ್ಕದಲ್ಲಿ ಸುಮಾರು 3.75 ಎಂಬಿ. ಪುಟ ವಿನ್ಯಾಸದವನಾದ ನನಗೆ ಇದನ್ನು ಕನ್ನಡದ ಲೆಕ್ಕಕ್ಕೆ ಇಳಿಸಿ ನೋಡುವ ಆಸೆ. ಯೂನಿಕೋಡ್ ಕಡತಗಳಲ್ಲಿ ಸಾಮಾನ್ಯವಾಗಿ ಬಳಸುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. 'ಸ್ತ್ರೀ' ಎಂಬುದು ಕಣ್ಣಿಗೆ ಒಂದೇ ಅಕ್ಷರವಾಗಿ ಕಂಡರೂ ಅದರಲ್ಲಿ ವ್ಯಂಜನ, ವಿರಾಮ, ಸ್ವರಚಿಹ್ನೆಗಳೆಲ್ಲ ಸೇರಿ ಆರು ಸಂಕೇತಗಳಿದ್ದು, ಅದೊಂದೇ 18 ಬೈಟ್ ತಿನ್ನುತ್ತದೆ. ಪುಟಕ್ಕೆ ಸುಮಾರು 1500 ಸಂಕೇತಗಳಂತೆ ಮುನ್ನೂರು ಪುಟದ ಕಾದಂಬರಿಗೆ 1.35 ಎಂಬಿ. ಅಂದರೆ ಟನ್ನು ತೂಗುವ ಆ ಯಂತ್ರದಲ್ಲಿ ಅಂಥ ಎರಡು ಕನ್ನಡ ಕಾದಂಬರಿ ಹಿಡಿಸುತ್ತಿದ್ದವು, ಮೂರನೆಯದು ಪೂರ್ತಿ ಹಿಡಿಸುತ್ತಿರಲಿಲ್ಲ. ಅಲ್ಲಿಂದ ಇಲ್ಲಿಯವರೆಗಿನ ದಾರಿಯಲ್ಲಿ ನಾನು ಮುಖ್ಯವೆಂದು ತಿಳಿದಿರುವ ತಿರುವು 1988ರದು. ಆ ವರ್ಷ ಫ್ರಾನ್ಸಿನ ಆಲ್ಬರ್ ಫೆರ್ ಮತ್ತು ಜರ್ಮನಿಯ ಪೀಟರ್ ಗ್ರೂನ್‌ಬರ್ಗ್ ಬೇರೆಬೇರೆಯಾಗಿ ಕಂಡುಕೊಂಡ ಕಾಂತೀಯ ಪರಿಣಾಮದಿಂದಾಗಿ ಹೆಡ್ಡುಗಳು ತೀರ ಕ್ಷೀಣವಾದ ಗುರುತನ್ನೂ ಓದಬಲ್ಲಂಥವಾದವು. 2007ರ ಭೌತವಿಜ್ಞಾನದ ನೊಬೆಲ್ ಅವರಿಬ್ಬರಿಗೆ ಬಂತು.

ಇನ್ನು ನನ್ನ ಡಿಸ್ಕಿನ ಗೀರಿನ ಕಥೆ. 2011ರ ಅಕ್ಟೋಬರಿನಲ್ಲಿ ಥಾಯ್ಲೆಂಡಿನ ಕೈಗಾರಿಕಾ ಪ್ರದೇಶಗಳಿಗೆ ನೆರೆ ನುಗ್ಗಿ, ಜಗತ್ತಿಗೆಲ್ಲ ಹಾರ್ಡ್ ಡಿಸ್ಕನ್ನೂ ಅದರ ಬಿಡಿಭಾಗಗಳನ್ನೂ ಒದಗಿಸುತ್ತಿದ್ದ ಕಾರ್ಖಾನೆಗಳು ಮುಳುಗಿದವು. ಕೆಲವೇ ವಾರಗಳಲ್ಲಿ ಇಲ್ಲಿಯೂ ಬೆಲೆ ಏರಿತು. ಎರಡನೆಯ ಡಿಸ್ಕೊಂದನ್ನು ಕೊಂಡು ಎಲ್ಲದಕ್ಕೂ ಪ್ರತಿ ತೆಗೆದಿಡಬೇಕೆಂದಿದ್ದ ನಾನು ಬೆಲೆ ಇಳಿಯಲೆಂದು ಕಾದೆ. ಮರುವರ್ಷ ಒಂದು ಸಂಜೆ, ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸಿ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದ್ದ ಈ ಹೊರಡಿಸ್ಕಿಗೆ ಕಡತಗಳು ನಕಲಾಗುತ್ತಿದ್ದಾಗ ನನ್ನ ತೋಳು ಅದರ ತಂತಿಗೆ ಸಿಕ್ಕಿ ಅದು ಮಗ್ಗುಲಾಗಿ ಬಿತ್ತು. ಬಿದ್ದದ್ದು ನೆಲಕ್ಕಲ್ಲ, ಮೇಜಿನ ಮೇಲೆಯೇ, ಒಂದು ಗೇಣು ಎತ್ತರದಿಂದ. ಮೊದಲು ಕೊಂಯ್ ಎಂಬ ಸಣ್ಣ ಸದ್ದು, ಆಮೇಲೆ ಸಮನಾದ ಲಯದಲ್ಲಿ ಟಕ್, ಟಕ್, ಟಕ್. ತನ್ನ ದಾರಿ ಸಿಗದ ತೋಳು ಮತ್ತೆ ಮತ್ತೆ ಮೊದಲಿನ ಜಾಗಕ್ಕೆ ಹೋಗಿ ಬರುವ ಸದ್ದದು. ಆ ಸದ್ದು ಕೇಳಿಸಿದ ಕ್ಷಣವೇ ವಿದ್ಯುತ್ ತೆಗೆಯಬೇಕು. ನಾನು ತೆಗೆಯದೆ, ಈಗ ಸರಿಹೋದೀತು ಆಗ ಸರಿಹೋದೀತು ಎಂದು ನಾಲ್ಕೈದು ಸಲ ಆರಿಸಿ ಹಾಕಿದೆ. ಪ್ರತಿ ಸಲವೂ ಹೆಡ್ ತಟ್ಟೆಯ ಲೇಪನವನ್ನು ಇನ್ನಷ್ಟು ಕೆರೆದಿತ್ತು. ಬೆಂಗಳೂರಿನ ದತ್ತಾಂಶ ಮರಳಿಸುವ ಕೇಂದ್ರವೊಂದರಲ್ಲಿ ಧೂಳಿಲ್ಲದ ಕೊಠಡಿಯೊಳಗೆ ಅದನ್ನು ತೆರೆದು ನೋಡಿ, ಲೇಪನವೇ ಹೋಗಿರುವ ಜಾಗದಿಂದ ಏನನ್ನೂ ತೆಗೆಯಲಾಗದು ಎಂದು ಹಿಂದಿರುಗಿಸಿದರು. ಅವರು ಹೇಳಿದ್ದು ನಿಜವೇ ಆಗಿತ್ತು. ಅಚ್ಚಾಗಿದ್ದ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಕೆಲವನ್ನು ಮತ್ತೆ ಬೆರಳಚ್ಚು ಮಾಡಿಸಿದೆ, ಉಳಿದವು ಉಳಿಯಲಿಲ್ಲ.

ಡಿಸ್ಕ್ ಆರಿರುವಾಗ ಬಿದ್ದಿದ್ದರೆ ಬಹುಶಃ ಬದುಕಿರುತ್ತಿತ್ತು. ವಿದ್ಯುತ್ ಹೋದೊಡನೆ ತಟ್ಟೆಯ ಉಳಿದ ಸುತ್ತಿನ ಬಲದಿಂದಲೇ ಹೆಡ್ಡನ್ನು ಪಕ್ಕಕ್ಕೆಳೆದು ಸುರಕ್ಷಿತ ಜಾಗದಲ್ಲಿ ನಿಲ್ಲಿಸುವ ವ್ಯವಸ್ಥೆ ಈಗಿನ ಎಲ್ಲ ಡಿಸ್ಕುಗಳಲ್ಲೂ ಇದೆ. ಹಾಗಾಗಿಯೇ ತಯಾರಕರು ಪೆಟ್ಟು ತಡೆಯುವ ಶಕ್ತಿಗೆ ಎರಡು ಅಂಕಿ ಕೊಡುತ್ತಾರೆ: ತಿರುಗುತ್ತಿರುವಾಗ ಒಂದು, ನಿಂತಿರುವಾಗ ಅದಕ್ಕಿಂತ ಬಹಳ ದೊಡ್ಡದು. ತಿರುಗುತ್ತಿರುವ ಹಾರ್ಡ್ ಡಿಸ್ಕನ್ನು ಕೈಗೆತ್ತಿಕೊಂಡು ಓಡಾಡುವುದು, ನಕಲಾಗುತ್ತಿರುವಾಗ ಹಾಸಿಗೆಯ ಮೇಲೆ ಇಡುವುದು, ಇಂಥವನ್ನು ಕಂಡರೆ ಈಗಲೂ ನನ್ನ ಎದೆ ಝಲ್ಲೆನ್ನುತ್ತದೆ.

ಹಾರ್ಡ್ ಡಿಸ್ಕ್ ಏಕೆ ನಿಧಾನ ಎಂಬುದು ಈ ರಚನೆಯಿಂದಲೇ ತಿಳಿಯುತ್ತದೆ. ನಿಮಿಷಕ್ಕೆ 7200 ಸುತ್ತು ಎಂದರೆ ಸೆಕೆಂಡಿಗೆ 120. ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಬೇಕು. ಬೇಕಾದ ಮಾಹಿತಿ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ನಾಲ್ಕು ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಕಾಯಬೇಕು. ತೋಳು ಸರಿಯಾದ ಪಥಕ್ಕೆ ಸರಿಯಲು ಇನ್ನೂ ಎಂಟೊಂಬತ್ತು ಮಿಲಿಸೆಕೆಂಡ್. ಹೀಗೆ ಚದುರಿಹೋದ ಸಣ್ಣ ಕಡತಗಳನ್ನು ಹುಡುಕುವಾಗ ಸೆಕೆಂಡಿಗೆ ನೂರು ಓದುಗಳಾಗುವುದೇ ಕಷ್ಟ. ಒಂದೇ ದೊಡ್ಡ ವಿಡಿಯೊ ಕಡತವನ್ನು ಸಾಲಾಗಿ ಓದುವಾಗ ಇದೇ ಡಿಸ್ಕ್ ಸೆಕೆಂಡಿಗೆ 150ರಿಂದ 250 ಎಂಬಿ ಕೊಡುತ್ತದೆ. ಲ್ಯಾಪ್‌ಟಾಪುಗಳಲ್ಲಿರುವ 5400 ಸುತ್ತಿನ ಡಿಸ್ಕಿನದು ಇನ್ನೂ ಕಡಿಮೆ. ವಿಂಡೋಸ್ ಎದ್ದೇಳುವುದೆಂದರೆ ಸಾವಿರಾರು ಸಣ್ಣ ಕಡತಗಳನ್ನು ಅಲ್ಲಲ್ಲಿಂದ ಹೆಕ್ಕಿ ತರುವುದು. ಆದ್ದರಿಂದಲೇ ನನ್ನ ಸೋದರಸೊಸೆಯ ಲ್ಯಾಪ್‌ಟಾಪ್ ಸಿದ್ಧವಾಗುವ ಹೊತ್ತಿಗೆ ಕಾಫಿ ಸೋಸಿ ಕುಡಿದು ಮುಗಿಯುತ್ತಿತ್ತು.

ಹಾರ್ಡ್ ಡಿಸ್ಕಿನ ಬದಲಿಗೆ ಈಗ ಬಳಸುವ, ಚಿಪ್ಪುಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ವಿದ್ಯುದಂಶವನ್ನು ಹಿಡಿದಿಟ್ಟುಕೊಳ್ಳುವ ಅತಿ ಸೂಕ್ಷ್ಮ ಕೋಶಗಳಲ್ಲಿ ಮಾಹಿತಿ ಕೂರುತ್ತದೆ, ಯಾವ ಮೂಲೆಯಲ್ಲಿದ್ದರೂ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಕೈಗೆ ಸಿಗುತ್ತದೆ. ಅದರ ಸ್ವಭಾವದಲ್ಲಿರುವ ಒಂದು ತೊಡಕನ್ನು ಮಾತ್ರ ಅರಿತಿರಬೇಕು. ಸ್ಲೇಟಿನ ಮೇಲೆ ಒಂದೊಂದೇ ಸಾಲು ಬರೆಯಬಹುದು, ಆದರೆ ಅಳಿಸುವಾಗ ಇಡೀ ಸ್ಲೇಟನ್ನೇ ಒರೆಸಬೇಕು ಎಂಬ ನಿಯಮವಿದ್ದರೆ ಹೇಗೋ ಹಾಗೆ, ಇಲ್ಲಿ ಬರೆಯುವ ಘಟಕ ಚಿಕ್ಕದು, ಅಳಿಸುವ ಘಟಕ ದೊಡ್ಡದು. ಪ್ರತಿ ಅಳಿಸುವಿಕೆಗೂ ಕೋಶ ಚೂರು ಸವೆಯುತ್ತದೆ. ಒಂದೇ ಜಾಗ ಸವೆಯದಂತೆ ಒಳಗಿನ ನಿಯಂತ್ರಕ ಬರಹವನ್ನು ಎಲ್ಲ ಕಡೆಗೂ ಹಂಚುತ್ತಿರುತ್ತದೆ.

ಪೆಟ್ಟಿಗೆಯ ಮುಖದ ಮೇಲೆ ಅಚ್ಚಾಗದ ಮುಖ್ಯ ಸಂಗತಿಯೊಂದು ಇಲ್ಲಿ ಬರುತ್ತದೆ. ಒಂದು ಕೋಶದಲ್ಲಿ ಎಷ್ಟು ಬಿಟ್ ಇಡುತ್ತಾರೆ ಎಂಬುದು. ಟಿಎಲ್‌ಸಿ ಎಂದರೆ ಮೂರು, ಕ್ಯುಎಲ್‌ಸಿ ಎಂದರೆ ನಾಲ್ಕು. ಮೂರು ಬಿಟ್ಟಿಗೆ ಕೋಶದಲ್ಲಿ ಎಂಟು ಮಟ್ಟಗಳನ್ನು ಬೇರ್ಪಡಿಸಿ ಓದಬೇಕು, ನಾಲ್ಕಕ್ಕೆ ಹದಿನಾರು. ಒಂದೇ ಲೋಟದ ಮೇಲೆ ಎಂಟು ಗೆರೆ ಎಳೆದು ಅಳೆಯುವುದಕ್ಕೂ ಹದಿನಾರು ಗೆರೆ ಎಳೆದು ಅಳೆಯುವುದಕ್ಕೂ ಇರುವ ವ್ಯತ್ಯಾಸವೇ ಇದು: ಗೆರೆ ಹತ್ತಿರವಾದಷ್ಟೂ ಕೈ ನಿಧಾನವಾಗುತ್ತದೆ, ತಪ್ಪುವ ಸಂಭವವೂ ಹೆಚ್ಚುತ್ತದೆ. ಕ್ಯುಎಲ್‌ಸಿ ಎಸ್‌ಎಸ್‌ಡಿ ಮೊದಲ ಕೆಲವು ಹತ್ತು ಜಿಬಿಯನ್ನು ತನ್ನ ವೇಗದ ತಾತ್ಕಾಲಿಕ ಜಾಗದಲ್ಲಿ ಸರಸರನೆ ಬರೆದುಕೊಂಡು, ಅದು ತುಂಬಿದ ಮೇಲೆ ಕೆಲವು ಮಾದರಿಗಳಲ್ಲಿ ಹಾರ್ಡ್ ಡಿಸ್ಕಿಗಿಂತಲೂ ನಿಧಾನವಾಗುತ್ತದೆ. ಕಚೇರಿಯ ಕೆಲಸಕ್ಕೆ ಅದರಿಂದ ತೊಂದರೆಯಿಲ್ಲ. ದಿನಾಲೂ ನೂರಾರು ಜಿಬಿ ವಿಡಿಯೊ ಸುರಿಯುವವರಿಗೆ ತೊಂದರೆಯಿದೆ, ಅವರು ಟಿಎಲ್‌ಸಿಯನ್ನೇ ಕೇಳಿ ತೆಗೆದುಕೊಳ್ಳಬೇಕು.

ಎಸ್‌ಎಸ್‌ಡಿ ಬೇಗ ಸವೆದುಹೋಗುತ್ತದೆ ಎಂಬ ಭಯ ಇನ್ನೂ ಹಲವರಲ್ಲಿದೆ. ಲೆಕ್ಕ ಹಾಕಿ ನೋಡೋಣ. ಒಂದು ಟಿಬಿಯ ಟಿಎಲ್‌ಸಿ ಎಸ್‌ಎಸ್‌ಡಿಗೆ ಸಾಮಾನ್ಯವಾಗಿ 600 ಟಿಬಿಯಷ್ಟು ಬರಹದ ಖಾತರಿ ಕೊಡುತ್ತಾರೆ. ಕ್ಯುಎಲ್‌ಸಿಗೆ ಇದರ ಅರ್ಧದ ಆಸುಪಾಸು ಅಥವಾ ಅದಕ್ಕೂ ಕಡಿಮೆ. ನನ್ನ ಯಂತ್ರದಲ್ಲಿ ದಿನಕ್ಕೆ 25 ಜಿಬಿ ಬರಹ ನಡೆಯುತ್ತದೆಂದುಕೊಂಡರೂ 600 ಟಿಬಿ ತಲುಪಲು 24,000 ದಿನ, ಅಂದರೆ ಅರವತ್ತೈದು ವರ್ಷ ಬೇಕು. ಮನೆಯ ಬಳಕೆಯಲ್ಲಿ ಸವೆತದಿಂದ ಸಾಯುವ ಎಸ್‌ಎಸ್‌ಡಿ ಅಪರೂಪ. ಅದು ಸಾಯುವುದು ಸಾಮಾನ್ಯವಾಗಿ ನಿಯಂತ್ರಕ ಕೆಟ್ಟು, ಯಾವ ಸದ್ದೂ ಮಾಡದೆ, ಒಂದು ಬೆಳಗ್ಗೆ ಇದ್ದಕ್ಕಿದ್ದ ಹಾಗೆ. ಹಾರ್ಡ್ ಡಿಸ್ಕ್ ಎಷ್ಟೋ ಸಲ ನರಳಿ ಮುನ್ಸೂಚನೆ ಕೊಡುತ್ತದೆ. ಎಸ್‌ಎಸ್‌ಡಿಯಿಂದ ಅದನ್ನು ನೆಚ್ಚಿಕೊಳ್ಳಲಾಗದು.

ಮಾರುಕಟ್ಟೆಯಲ್ಲಿ ಸಿಗುವ ಎಸ್‌ಎಸ್‌ಡಿಗಳು ಕಂಪ್ಯೂಟರಿನೊಂದಿಗೆ ಮಾಹಿತಿ ಸಾಗಿಸುವುದು ಎರಡು ದಾರಿಗಳಲ್ಲಿ. ಸಾಟಾ ದಾರಿಯಲ್ಲಿ ಬರುವುದು ಸೆಕೆಂಡಿಗೆ 550 ಎಂಬಿಯ ಆಸುಪಾಸಿಗೆ ನಿಲ್ಲುತ್ತದೆ. ಎನ್‌ವಿಎಂಇ ದಾರಿಯದು ಮೂರನೇ ತಲೆಮಾರಿನಲ್ಲಿ ಸುಮಾರು 3500, ನಾಲ್ಕನೆಯದರಲ್ಲಿ ಸುಮಾರು 7000 ಎಂಬಿಯವರೆಗೂ ಹೋಗುತ್ತದೆ. ಈ ಅಂಕಿಗಳನ್ನು ನೋಡಿ ಮರುಳಾಗುವ ಅಗತ್ಯವಿಲ್ಲ. ಹಾರ್ಡ್ ಡಿಸ್ಕಿನಿಂದ ಸಾಟಾ ಎಸ್‌ಎಸ್‌ಡಿಗೆ ಬಂದಾಗ ಆಗುವ ಬದಲಾವಣೆ ಹಗಲು ರಾತ್ರಿಯಷ್ಟು. ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಪದಸಂಸ್ಕಾರಕ ತೆರೆಯುವವನಿಗೆ ಗೊತ್ತೇ ಆಗುವುದಿಲ್ಲ. ಹೊಸ ಯಂತ್ರವಾದರೆ ಬೆಲೆಯಲ್ಲಿ ಹೆಚ್ಚು ಅಂತರವಿರದ ಕಾರಣ ಎನ್‌ವಿಎಂಇಯನ್ನೇ ಹಾಕಿಸಿರಿ. ಆದರೆ ಎಂ.2 ಎಂಬುದು ಎಸ್‌ಎಸ್‌ಡಿಯ ತೆಳು ಪಟ್ಟಿಯೊಂದರ ಆಕಾರದ ಹೆಸರು, ವೇಗದ ಹೆಸರಲ್ಲ. 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಅದೇ ಪಟ್ಟಿಯಲ್ಲಿ ಸಾಟಾವೂ ಇರಬಹುದು, ಎನ್‌ವಿಎಂಇಯೂ ಇರಬಹುದು. ಕೆಲವು ಲ್ಯಾಪ್‌ಟಾಪುಗಳು ಒಂದನ್ನು ಮಾತ್ರ ಒಪ್ಪುತ್ತವೆ. ಕಂಪ್ಯೂಟರ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವ ಮೊದಲು ಲ್ಯಾಪ್‌ಟಾಪಿನ ಮಾದರಿ ಸಂಖ್ಯೆ ಬರೆದುಕೊಂಡು ಅದರ ಕೈಪಿಡಿ ನೋಡಿದರೆ ಎರಡನೆಯ ಸಲದ ಬಸ್ ಖರ್ಚು ಉಳಿಯುತ್ತದೆ. ನನ್ನ ಸೊಸೆಯ ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿ ನೋಡಿದಾಗ ಎಂ.2 ಕಿಂಡಿಯೇ ಇರಲಿಲ್ಲ, ಎರಡೂವರೆ ಇಂಚಿನ ಹಾರ್ಡ್ ಡಿಸ್ಕ್ ಒಂದೇ ಇತ್ತು. ಹಾಗಾಗಿ ಆ ಪ್ರಶ್ನೆ ಅಲ್ಲಿಗೇ ತೀರಿತು: 500 ಜಿಬಿಯ ಸಾಟಾ ಎಸ್‌ಎಸ್‌ಡಿ.

ಇನ್ನು ಅವಳ ಹಾಡುಗಳು. ಇಲ್ಲಿ ಊಹೆಗಿಂತ ಲೆಕ್ಕ ಮೇಲು. ಅವಳು ಧ್ವನಿಯನ್ನು ಸೆಕೆಂಡಿಗೆ 48,000 ಮಾದರಿಗಳಂತೆ, 24 ಬಿಟ್‌ನಲ್ಲಿ, ಎಡಬಲ ಎರಡೂ ವಾಹಿನಿಗಳಲ್ಲಿ ವೇವ್ ಕಡತವಾಗಿ ಮುದ್ರಿಸುತ್ತಾಳೆ. ಅದು ಗಂಟೆಗೆ ಒಂದು ಜಿಬಿಗಿಂತ ಚೂರು ಹೆಚ್ಚು. ಕ್ಯಾಮೆರಾದ 4ಕೆ ವಿಡಿಯೊ ಸೆಕೆಂಡಿಗೆ 100 ಮೆಗಾಬಿಟ್‌ನದು, ಅಂದರೆ ಗಂಟೆಗೆ 45 ಜಿಬಿ. ಅರವತ್ತು ಗಂಟೆ ಧ್ವನಿ, ಇಪ್ಪತ್ತು ಗಂಟೆ ವಿಡಿಯೊ ಸೇರಿ ಸುಮಾರು 960 ಜಿಬಿ ಆಯಿತು. ಒಂದು ಟಿಬಿಯ ಡಿಸ್ಕ್ ಈಗಲೇ ತುಂಬಿಹೋಗುತ್ತದೆ, ಮುಂದಿನ ಜಾತ್ರೆಗೆ ಜಾಗವಿಲ್ಲ. ಒಂದು ಟಿಬಿಯ ಡಿಸ್ಕನ್ನು ಸಿಕ್ಕಿಸಿದಾಗ ವಿಂಡೋಸಿನಲ್ಲಿ 931 ಜಿಬಿ ಎಂದು ಕಾಣುವುದು ಅಂಗಡಿಯವರು ಮಾಡಿದ ಮೋಸವಲ್ಲ ಎಂಬುದನ್ನೂ ಹೇಳಬೇಕು. ತಯಾರಕರು ಸಾವಿರದ ಗುಣಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಗುಣಕದಲ್ಲಿ ಎಣಿಸಿ ಅದೇ ಹೆಸರು ಹೇಳುತ್ತದೆ. ಇರುವ ಬೈಟುಗಳು ಅಷ್ಟೇ.

ಹೀಗೆ ತುಂಬಿಟ್ಟು ಕಾಯುವ ಕೆಲಸಕ್ಕೆ ಹಾರ್ಡ್ ಡಿಸ್ಕೇ ಇಂದಿಗೂ ಸರಿ. ಪ್ರತಿ ಟಿಬಿಗೆ ಬೀಳುವ ಬೆಲೆ ಕಡಿಮೆ. ಜೊತೆಗೆ ಎಸ್‌ಎಸ್‌ಡಿಯ ಕೋಶಗಳು ವಿದ್ಯುತ್ ಇಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿದ್ದರೆ, ಅದರಲ್ಲೂ ಸೆಕೆಯ ಊರುಗಳಲ್ಲಿ, ಹಿಡಿದಿಟ್ಟ ವಿದ್ಯುದಂಶವನ್ನು ಮೆಲ್ಲಗೆ ಬಿಟ್ಟುಕೊಡುತ್ತವೆ.

ಹಾರ್ಡ್ ಡಿಸ್ಕಿನಲ್ಲೂ ಪೆಟ್ಟಿಗೆ ಹೇಳದ ಒಂದು ಗುಟ್ಟಿದೆ, ಅದನ್ನು ನಮ್ಮವರಿಗೆ ವಿವರಿಸುವುದು ಸುಲಭ. ಮಂಗಳೂರು ಹೆಂಚಿನ ಮಾಡನ್ನು ನೋಡಿರಿ. ಮೇಲಿನ ಸಾಲಿನ ಹೆಂಚು ಕೆಳಗಿನ ಸಾಲಿನ ಅಂಚಿನ ಮೇಲೆ ಕೂತಿರುತ್ತದೆ. ನಡುವಿನ ಒಂದು ಹೆಂಚು ಒಡೆದರೆ ಅದರ ಮೇಲಿನವನ್ನು ಸರಿಸದೆ ಅದನ್ನು ತೆಗೆಯಲಾಗದು. ಎಸ್‌ಎಂಆರ್ ಎಂಬ ವಿಧಾನದ ಡಿಸ್ಕುಗಳಲ್ಲಿ ಮಾಹಿತಿಯ ಪಥಗಳನ್ನು ಹೀಗೆಯೇ ಒಂದರ ಮೇಲೊಂದು ಚಾಚಿ ಬರೆಯುತ್ತಾರೆ. ಅದರಿಂದ ಅದೇ ತಟ್ಟೆಯಲ್ಲಿ ಹೆಚ್ಚು ಹಿಡಿಸುತ್ತದೆ. ಆದರೆ ನಡುವಿನ ಒಂದು ಸಣ್ಣ ಕಡತ ಬದಲಾಯಿಸಬೇಕಾದರೆ ಆ ವಲಯದಲ್ಲಿ ಮುಂದಿರುವುದನ್ನೆಲ್ಲ ಎತ್ತಿ ಮತ್ತೆ ಬರೆಯಬೇಕು. ಸಿಎಂಆರ್ ಎಂಬ ಹಳೆಯ ವಿಧಾನದಲ್ಲಿ ಪಥಗಳು ಬೇರೆಬೇರೆಯಾಗಿರುವುದರಿಂದ ಈ ಕಷ್ಟವಿಲ್ಲ. ಮೇಜಿನ ಕಂಪ್ಯೂಟರಿಗೆಂದು ಮಾರುವ 2ರಿಂದ 8 ಟಿಬಿಯ ಅಗ್ಗದ ಡಿಸ್ಕುಗಳಲ್ಲಿ ಹಲವು ಎಸ್‌ಎಂಆರ್. ಅಂಗೈಯಲ್ಲಿ ಹಿಡಿಯುವ ಹೊರಡಿಸ್ಕುಗಳಲ್ಲಿ ಬಹುಪಾಲು ಅದೇ. ಹಲವು ಡಿಸ್ಕುಗಳನ್ನು ಜೋಡಿಸುವ ನಾಸ್ ಪೆಟ್ಟಿಗೆಗೆಂದು ಮಾರಿದ ಕೆಲವು ಡಿಸ್ಕುಗಳೂ ಎಸ್‌ಎಂಆರ್ ಆಗಿದ್ದವೆಂಬುದು 2020ರ ಏಪ್ರಿಲ್‌ನಲ್ಲಿ ಬಯಲಾಗಿ ಬಳಕೆದಾರರು ಸಿಟ್ಟಾದ ಮೇಲೆಯೇ ತಯಾರಕರು ಯಾವ ಮಾದರಿ ಯಾವ ವಿಧಾನದ್ದೆಂಬ ಪಟ್ಟಿಗಳನ್ನು ಹೊರಹಾಕಿದರು. ಕೊಳ್ಳುವವನಿಗೆ ಇದನ್ನು ಮೊದಲೇ ಹೇಳಬೇಕಾಗಿತ್ತೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಒಮ್ಮೆ ಬರೆದು ಇಟ್ಟುಬಿಡುವ ನನ್ನ ಸೊಸೆಯಂಥವರಿಗೆ ಎಸ್‌ಎಂಆರ್‌ನಿಂದ ಹಾನಿಯಿಲ್ಲ. ನಾಸ್‌ಗೆ, ಅದರಲ್ಲೂ ಹಲವು ಡಿಸ್ಕುಗಳನ್ನು ಒಂದಾಗಿ ಬಳಸುವ ರೇಡ್ ವ್ಯವಸ್ಥೆಗೆ, ಅದನ್ನು ಹಾಕಲೇಬಾರದು. ಅಂಗಡಿಗಳ ಸಿಸಿಟಿವಿ ಪೆಟ್ಟಿಗೆಗೆ ಹಗಲಿರುಳು ಬಿಡುವಿಲ್ಲದೆ ಬರೆಯಲೆಂದೇ ರೂಪಿಸಿದ ಡಿಸ್ಕುಗಳು ಬೇರೆ ಇವೆ, ಹಳೆಯ ಕಂಪ್ಯೂಟರಿನದನ್ನು ತೆಗೆದು ಅಲ್ಲಿ ಹಾಕುವುದು ಒಳ್ಳೆಯದಲ್ಲ.

ಹೊರಡಿಸ್ಕು ಕೊಳ್ಳುವಾಗ ನಾನು ಗಮನಿಸುವ ಇನ್ನೊಂದು ವಿಷಯ ಅದರ ಕಿಂಡಿ. ಕೆಲವು ಮಾದರಿಗಳಲ್ಲಿ ಯುಎಸ್‌ಬಿ ಕಿಂಡಿಯನ್ನು ಡಿಸ್ಕಿನ ಫಲಕಕ್ಕೇ ನೇರವಾಗಿ ಬೆಸೆದಿರುತ್ತಾರೆ; ಕಿಂಡಿ ಸಡಿಲವಾಯಿತೆಂದರೆ ಡಿಸ್ಕನ್ನು ಹೊರತೆಗೆದು ಬೇರೆ ಕಂಪ್ಯೂಟರಿಗೆ ಸಾಟಾ ತಂತಿಯಲ್ಲಿ ಜೋಡಿಸುವ ದಾರಿಯೇ ಇರುವುದಿಲ್ಲ. ಅಂಥದ್ದರ ತಂತಿಯನ್ನು ಜೋಪಾನವಾಗಿ ಹಾಕಿ ತೆಗೆಯಬೇಕು. ವಿಂಡೋಸ್, ಮ್ಯಾಕ್ ಎರಡರಲ್ಲೂ ಬಳಸುವವರು ಎಕ್ಸ್‌ಫ್ಯಾಟ್ ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿಕೊಳ್ಳಲಿ. ಹಳೆಯ ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಕಡತ ಕೂರುವುದಿಲ್ಲ, ರಾತ್ರಿಯಿಡೀ ಸಾಗಿದ ಕಥೆಯ ವಿಡಿಯೊ ಅಲ್ಲಿ ತುಂಡಾಗುತ್ತದೆ. ನಕಲು ಮಾಡುವಾಗ ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿ ಹುಡುಕಿರಿ. ಸೆಕೆಂಡಿಗೆ 130 ಎಂಬಿಯಂತೆ 960 ಜಿಬಿಗೆ ಎರಡು ಗಂಟೆ ಸಾಕು. ಹಳೆಯ ಯುಎಸ್‌ಬಿ 2ರಲ್ಲಿ ಅದೇ ಕೆಲಸಕ್ಕೆ ಏಳೂವರೆ ಗಂಟೆ ಹಿಡಿಯುತ್ತದೆ.

ಮನೆಗೆ ತಂದ ದಿನವೇ ಮಾಡಬೇಕಾದ ಕೆಲಸವೊಂದಿದೆ. ಪ್ರತಿ ಡಿಸ್ಕೂ ತನ್ನ ಆರೋಗ್ಯದ ದಿನಚರಿಯನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಸ್ಮಾರ್ಟ್ ಎಂದು ಅದರ ಹೆಸರು, ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಓದಬಹುದು. ಹೊಸತೆಂದು ಕೊಂಡದ್ದರಲ್ಲಿ ಓಡಿದ ಗಂಟೆಗಳು ಸೊನ್ನೆಯ ಹತ್ತಿರ ಇರಬೇಕು, ನೂರಾರು ಇದ್ದರೆ ಅಂದೇ ಹಿಂದಿರುಗಿಸಿರಿ. ಹಾರ್ಡ್ ಡಿಸ್ಕಿನಲ್ಲಿ 5 ಎಂಬ ಗುರುತುಸಂಖ್ಯೆಯ ಸಾಲು ಕೆಟ್ಟ ಜಾಗವನ್ನು ಬಿಟ್ಟು ಬೇರೆಡೆಗೆ ಸರಿಸಿದ ಲೆಕ್ಕ, 197 ಓದಲಾಗದೆ ಅನುಮಾನದಲ್ಲಿರುವ ಜಾಗಗಳ ಲೆಕ್ಕ. ಈ ಎರಡರಲ್ಲಿ ಯಾವುದೇ ಸೊನ್ನೆ ಬಿಟ್ಟು ಏರತೊಡಗಿದರೆ ನಾನು ಆ ಡಿಸ್ಕಿನ ಮೇಲೆ ಮತ್ತೆ ಭರವಸೆಯಿಡುವುದಿಲ್ಲ. 199 ಏರಿದರೆ ಗಾಬರಿ ಬೇಡ. ಅದು ಹೆಚ್ಚಾಗಿ ತಂತಿಯ ದೋಷ, ತಂತಿ ಬದಲಿಸಿದರೆ ಏರಿಕೆ ನಿಲ್ಲುತ್ತದೆ. ಇನ್ನು, ಹೆಸರಿಲ್ಲದ ಕಂಪನಿಯ 2 ಟಿಬಿ ಪೆನ್‌ಡ್ರೈವ್ ಊಟದ ಬೆಲೆಗೆ ಸಿಗುತ್ತದೆಂದರೆ ಅದರೊಳಗೆ ಇರುವುದು ಸಣ್ಣ ಚಿಪ್ಪು. ಗಾತ್ರವನ್ನು ಸುಳ್ಳು ಹೇಳುವಂತೆ ಅದನ್ನು ತಿದ್ದಿರುತ್ತಾರೆ. ಚಿಪ್ಪು ತುಂಬಿದ ಮೇಲೆ ಬರೆದದ್ದೆಲ್ಲ ಗಾಳಿಗೆ ಹೋಗುತ್ತದೆ. ಪೂರ್ತಿ ತುಂಬಿಸಿ ಮತ್ತೆ ಓದಿ ಪರೀಕ್ಷಿಸುವ ತಂತ್ರಾಂಶಗಳಿವೆ, ಎಚ್2ಟೆಸ್ಟ್‌ಡಬ್ಲ್ಯು ಅವುಗಳಲ್ಲಿ ಒಂದು.

ಅಳಿಸಿದ ಕಡತಗಳ ಬಗೆಗೂ ಒಂದು ಮಾತು. ಹಾರ್ಡ್ ಡಿಸ್ಕಿನಲ್ಲಿ ಕಡತ ಅಳಿಸಿದಾಗ ಸಾಮಾನ್ಯವಾಗಿ ಪುಸ್ತಕದ ಪರಿವಿಡಿಯಿಂದ ಹೆಸರು ಹೋಗುತ್ತದೆ, ಪುಟ ಉಳಿದಿರುತ್ತದೆ. ಅದರ ಮೇಲೆ ಬೇರೆಯದು ಬರೆಯುವ ಮುನ್ನ ಮರಳಿ ಪಡೆಯುವ ಆಸೆಯಿರುತ್ತದೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂಬ ಆದೇಶ ಹೋಗಿ, ನಿಯಂತ್ರಕ ಆ ಕೋಶಗಳನ್ನು ತನ್ನ ಬಿಡುವಿನಲ್ಲಿ ನಿಜವಾಗಿಯೇ ಒರೆಸಿಹಾಕುತ್ತದೆ. ಅಲ್ಲಿ ತಪ್ಪಿ ಅಳಿಸಿದ್ದು ಹೋಯಿತೆಂದೇ ತಿಳಿಯಬೇಕು.

ಕೊನೆಗೆ ನನ್ನ ಸೊಸೆ ಲ್ಯಾಪ್‌ಟಾಪಿಗೆ ಆ 500 ಜಿಬಿ ಎಸ್‌ಎಸ್‌ಡಿಯನ್ನೂ, ಹಾಡುಗಳಿಗೆ 2 ಟಿಬಿಯ ಎರಡು ಹೊರಡಿಸ್ಕುಗಳನ್ನೂ ಕೊಂಡಳು. ಒಂದೇ ಸಲ ತಯಾರಾದ ಎರಡು ಡಿಸ್ಕುಗಳು ಒಂದೇ ದೋಷವನ್ನು ಹೊತ್ತಿರಬಹುದೆಂದು ಎರಡನ್ನೂ ಬೇರೆಬೇರೆ ಕಂಪನಿಯದಾಗಿ ಆರಿಸಿದೆವು. ಎರಡಕ್ಕೂ ನಕಲು ಮಾಡಿ, ಮೂಲ ಮತ್ತು ಪ್ರತಿ ಬೈಟಿಗೆ ಬೈಟ್ ಒಂದೇ ಎಂಬುದನ್ನು ಚೆಕ್‌ಸಮ್ ಎಂಬ ಮೊತ್ತಪರೀಕ್ಷೆಯಿಂದ ಖಚಿತಪಡಿಸಿಕೊಂಡ ಮೇಲೆಯೇ ಮೆಮೊರಿ ಕಾರ್ಡುಗಳನ್ನು ಖಾಲಿ ಮಾಡಿದಳು. ಒಂದು ಡಿಸ್ಕ್ ಅವಳ ಜೊತೆ ಕೊಳ್ಳೇಗಾಲಕ್ಕೆ ಹೋಯಿತು. ಇನ್ನೊಂದು ಮೈಸೂರಿನ ನಮ್ಮ ಮನೆಯ ಬೀರುವಿನಲ್ಲಿ, ತೇವ ಹೀರುವ ಪೊಟ್ಟಣದೊಂದಿಗೆ ಸ್ಟೀಲ್ ಡಬ್ಬಿಯೊಳಗಿದೆ. ಡಬ್ಬಿಯ ಮೇಲೆ ಅಂಟಿಸಿದ ಚೀಟಿಯಲ್ಲಿ ನಕಲು ಮಾಡಿದ ತಾರೀಖನ್ನೂ, ಅದರ ಕೆಳಗೆ 'ಯುಗಾದಿಯಂದು ಸಿಕ್ಕಿಸಿ, 5 ಮತ್ತು 197 ನೋಡುವುದು' ಎಂದೂ ಅವಳೇ ಬರೆದಿದ್ದಾಳೆ.